ಸಹಾಯ ಬೇಕು: ಪಟ್ಟಿ ಕತ್ತರಿಸಲು ಎಮ್ಮೆ ತೊಗಲನ್ನು ಆರಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಹಾವೇರಿಯಲ್ಲಿ ಹೋರಿಗಳ ಕೊರಳ ಪಟ್ಟಿ, ಗೆಜ್ಜೆ ಪಟ್ಟಿಗಳನ್ನು ಹೊಲಿಯುವ ನಮಗೆ, ದೀಪಾವಳಿಯ ನಂತರದ ಹೋರಿ ಹಬ್ಬಗಳಿಗಾಗಿ ತೊಗಟೆಯ ರಸದಲ್ಲಿ ಹದ ಮಾಡಿದ, ಸುಮಾರು 4 ಮಿ.ಮೀ. ದಪ್ಪದ ಎಮ್ಮೆ ತೊಗಲು ಬೇಕಾಗಿದೆ. ಬೆನ್ನಿನ ಭಾಗ ಬಿಗಿಯಾಗಿದ್ದು ಕಡಿಮೆ ಹಿಗ್ಗುತ್ತದೆ, ಹೊಟ್ಟೆಯ ಭಾಗ ಸಡಿಲವಾಗಿರುತ್ತದೆ ಎಂಬ ಕಾರಣಕ್ಕೆ ಬೆನ್ನಿನ ಗುಂಟ ಉದ್ದಕ್ಕೇ ಪಟ್ಟಿ ತೆಗೆಯುತ್ತೇವೆ. ಕತ್ತರಿಸಿದ ಅಂಚಿನ ನಡುವೆ ಬಿಳಿಚಿದ ಗೆರೆ ಕಂಡರೆ ಹದ ಒಳಗಿನವರೆಗೆ ಇಳಿದಿಲ್ಲವೆಂದು ಆ ತೊಗಲನ್ನು ಬಿಡುತ್ತೇವೆ. ಉಣ್ಣಿ ಕಚ್ಚಿದ ಚುಕ್ಕಿಗಳು ಬಹುತೇಕ ನೋಟಕ್ಕಷ್ಟೇ ಕುಂದು. ಮಾಂಸದ ಬದಿಯಲ್ಲಿ ಸುಲಿಯುವ ಚಾಕು ತಗುಲಿದ ಗಾಯವಾದರೆ ಪಟ್ಟಿಯ ಬಲವನ್ನೇ ತಿನ್ನುತ್ತದೆ.

ತೊಡಕಿರುವುದು ಕೊಳ್ಳುವ ಜಾಗದಲ್ಲಿ. ಹುಬ್ಬಳ್ಳಿಯ ವ್ಯಾಪಾರಿಯೊಬ್ಬರು ಬೆನ್ನಿನ ಗುಂಟ ಎರಡಾಗಿ ಸೀಳಿದ ಅರ್ಧ ತೊಗಲನ್ನು ಚದರ ಅಡಿ ಲೆಕ್ಕದಲ್ಲಿ ಇಡಿಯಾಗಿಯೇ ಕೊಡುತ್ತಾರೆ, ಅಂಚು ಕತ್ತರಿಸಿ ನೋಡಲು ಒಪ್ಪುವುದಿಲ್ಲ. ಕೂದಲಿನ ಬದಿ ಒಳಗೆ ಬರುವಂತೆ ಬಾಗಿಸಿದಾಗ ನವಿರಾದ ಸುಕ್ಕು ಬಂದು, ಬಿಟ್ಟೊಡನೆ ಮಾಯವಾದರೆ ತೊಗಲು ಗಟ್ಟಿ, ದೊಡ್ಡ ಮಡಿಕೆ ಎದ್ದರೆ ಪದರ ಸಡಿಲ ಎಂಬ ಪರೀಕ್ಷೆಯನ್ನು, ಎಣ್ಣೆ ಮೇಣ ದಪ್ಪಗೆ ಸವರಿದ ತೊಗಲಿನಲ್ಲೂ ನಂಬಬಹುದೇ? ಬೆನ್ನಿನಿಂದ ಹೊಟ್ಟೆಯ ಕಡೆಗೆ ಎಲ್ಲಿಯವರೆಗೆ ಗಂಟೆಯ ಭಾರ ತಾಳುವ ಪಟ್ಟಿ ಸಿಗುತ್ತದೆ ಎಂಬುದನ್ನು ಕೈಯಿಂದಲೇ ಗುರುತಿಸುವ ಬಗೆಯನ್ನು ಅನುಭವಿಗಳು ದಯವಿಟ್ಟು ತಿಳಿಸಬೇಕು. ಓಡುವ ಹೋರಿಯ ಕೊರಳಲ್ಲಿ ಪಟ್ಟಿ ಹರಿಯಬಾರದು ಎಂಬುದೊಂದೇ ನಮ್ಮ ಕಾಳಜಿ.