ಮನೆ ಗ್ರೂಪಿನಲ್ಲಿ ಜಗಳವಾಗಿ ಮಾತು ಬಿಟ್ಟಿದ್ದಾರೆ, ನೀವಾಗಿದ್ದರೆ ಏನು ಮಾಡ್ತಿದ್ರಿ?

ಪ್ರಶ್ನೆ: ದೊಡ್ಡಪ್ಪ ನಮ್ಮ ಕುಟುಂಬದ ವಾಟ್ಸಾಪ್ ಗ್ರೂಪಿಗೆ ದಿನಾ ಸಿಟ್ಟು ಬರಿಸುವ ಫಾರ್ವರ್ಡ್ ಹಾಕುತ್ತಾರೆ. ಒಂದು ದಿನ ‘ಇದು ಸುಳ್ಳು’ ಅಂದೆ. ಈಗ ಮಾತೇ ಇಲ್ಲ. ಮುಂದಿನ ತಿಂಗಳು ಅವರ ಮನೆ ಗೃಹಪ್ರವೇಶ. ಯಾರಿಗಾದರೂ ಹೀಗಾಗಿತ್ತಾ?

ಉತ್ತರ: ನಮ್ಮಲ್ಲೂ ಆಗಿತ್ತು. ಸೋದರಮಾವನಿಗೂ ನನಗೂ 8 ತಿಂಗಳು ಮಾತಿರಲಿಲ್ಲ. ಸೈಕಲ್ ಮೇಲೆ ಕೂರಿಸಿಕೊಂಡು ನನ್ನನ್ನು ಶಾಲೆಗೆ ಬಿಡುತ್ತಿದ್ದವರು ಅವರು. ಮಕ್ಕಳ ಕಳ್ಳರು ಅಂತ ಯಾವುದೋ ವಿಡಿಯೋ ಹಾಕಿದ್ದರು. ನೋಡಿದರೆ ಅದು ಹಳೆಯದು, ನಮ್ಮ ಕಡೆಯದೂ ಅಲ್ಲ. ನಾನು ನಲವತ್ತು ಜನರ ಎದುರಿಗೆ ‘ನೋಡದೆ ಕಳಿಸ್ತೀರಲ್ಲ ಮಾವ’ ಅಂತ ಬರೆದೆ. ವಿಡಿಯೋ ಎಲ್ಲರಿಗೂ ಮರೆತುಹೋಯಿತು. ಅವರಿಗೆ ಅವಮಾನ ಮಾತ್ರ ಉಳಿಯಿತು.

ಕೊನೆಗೆ ನಾನೇ ಊರಿಗೆ ಹೋದೆ. ಜಗುಲಿ ಮೇಲೆ ಕೂತು ಮೊದಲು ತಪ್ಪಾಯಿತು ಅಂದೆ. ಕಾಫಿ ಆದಮೇಲೆ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ನಡೆದದ್ದು ಹೇಳಿದೆ. 2018ರ ಜುಲೈ. ಹೈದರಾಬಾದಿನ ಕಡೆಯಿಂದ ಕಾರಲ್ಲಿ ಬಂದ ಗೆಳೆಯರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಅಂತ ವಾಟ್ಸಾಪಿನಲ್ಲಿ ಸುದ್ದಿ ಹಬ್ಬಿತು. ಜನ ದಾರಿ ಅಡ್ಡಗಟ್ಟಿ ಹೊಡೆದರು. ಒಬ್ಬರು ಸತ್ತೇ ಹೋದರು. ದೇಶದಲ್ಲಿ ಅಂಥ ಸಾವು ಜಾಸ್ತಿಯಾಗಿ, ಅದೇ ತಿಂಗಳು ವಾಟ್ಸಾಪ್ ‘ಒಂದು ಸಲಕ್ಕೆ 5 ಕಡೆಗೆ ಮಾತ್ರ ಫಾರ್ವರ್ಡ್’ ಎಂಬ ಮಿತಿ ಘೋಷಿಸಿತು.

ಮಾವನ ಜೇಬಲ್ಲಿ ಯಾವಾಗಲೂ ಪೆಪ್ಪರಮಿಂಟ್ ಇರುತ್ತದೆ, ಬೀದಿ ಮಕ್ಕಳಿಗೆಲ್ಲ ಕೊಡುತ್ತಾರೆ. ತುಂಬಾ ಹೊತ್ತು ಸುಮ್ಮನಿದ್ದರು.

ಈಗಲೂ ಫಾರ್ವರ್ಡ್ ಪೂರ್ತಿ ನಿಂತಿಲ್ಲ. ಆದರೆ ಜೋಡಿ ಬಾಣದ ಗುರುತಿದ್ದರೆ, ಅಂದರೆ ಕೈಯಿಂದ ಕೈಗೆ ತುಂಬಾ ಸಲ ದಾಟಿ ಬಂದದ್ದಾದರೆ, ಮೊದಲು ನನಗೆ ಫೋನ್ ಮಾಡುತ್ತಾರೆ. ನೀವು ಗೃಹಪ್ರವೇಶಕ್ಕೆ ಕಾಯಬೇಡಿ. ಅವತ್ತು ಮನೆ ತುಂಬಾ ಜನ ಇರುತ್ತಾರೆ. ಒಂದು ವಾರ ಮೊದಲೇ ಹೋಗಿ, ಕೆಲಸಕ್ಕೆ ಕೈ ಹಾಕಿ. ಗ್ರೂಪಿನಲ್ಲಿ ಮಾತ್ರ ವಾದ ಬೇಡ.

ಇನ್ನೊಬ್ಬರು: ನನ್ನದು ಫೇಸ್‌ಬುಕ್ ಕಥೆ. 2016ರ ಕಾವೇರಿ ಗಲಾಟೆಯಲ್ಲಿ ಬೆಂಗಳೂರಲ್ಲಿ ಬಸ್ಸುಗಳು ಉರಿದವಲ್ಲ, ಆಗ ನಾನೂ ಸಿಕ್ಕಸಿಕ್ಕಲ್ಲಿ ಕಾಮೆಂಟ್ ಹಾಕಿ ಜಗಳಾಡಿದೆ. ಪಕ್ಕದ ಮನೆಯ ತಮಿಳು ಅಜ್ಜಿ ಎರಡು ದಿನ ಬಾಗಿಲು ತೆರೆಯಲೇ ಇಲ್ಲ. ಆಮೇಲೆ ಗೊತ್ತಾಯಿತು, ಯಾವ ಪೋಸ್ಟ್ ಹೆಚ್ಚು ಜನರಿಗೆ ತೋರಿಸಬೇಕು ಅಂತ ಲೆಕ್ಕ ಹಾಕುವಾಗ 2017ರಲ್ಲಿ ಫೇಸ್‌ಬುಕ್ ಸಿಟ್ಟಿನ ಮುಖದ ಎಮೋಜಿಗೆ ಲೈಕಿನ 5 ಪಟ್ಟು ತೂಕ ಕೊಟ್ಟಿತ್ತಂತೆ. ಬೈಯಲಿಕ್ಕೆ ಬರೆದ ಕಾಮೆಂಟೂ ಆ ಪೋಸ್ಟನ್ನು ಇನ್ನಷ್ಟು ಜನರಿಗೆ ಮುಟ್ಟಿಸುತ್ತದೆ. ಈಗ ಸಿಟ್ಟು ಬಂದರೆ ಫೋನ್ ಒಳಗಿಟ್ಟು ಅಜ್ಜಿಯ ಮನೆಗೆ ಹೋಗಿ ಕೂರುತ್ತೇನೆ.