ಕಾಯಿಗೆ ಗುಂಡು ಹೊಡೆಯುವಾಗ ಯಾವ ಕನ್ನಡಕ ಹಾಕಬೇಕು? ಕೂಲಿಂಗ್ ಗ್ಲಾಸ್‌ಗೆ ಪೆಲೆಟ್ ತಗುಲಿತು

ತೋಟದಮನೆ:
ಎಲ್ಲರಿಗೂ ನಮಸ್ಕಾರ. ನಾನು ವಿರಾಜಪೇಟೆ ಕಡೆಯವನು. ಕೈಲ್‌ಪೊಳ್ದ್ (ಕೊಡವರ ಆಯುಧ ಪೂಜೆಯ ಹಬ್ಬ) ಹತ್ತಿರ ಬಂತು. ಊರಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಇದೆ. ನಾನು .22 ರೈಫಲ್ ವಿಭಾಗಕ್ಕೆ ಹೆಸರು ಕೊಟ್ಟಿದ್ದೇನೆ, ಮಗಳು ಏರ್‌ಗನ್‌ನಲ್ಲಿ ಮೊಟ್ಟೆಗೆ ಹೊಡೆಯುತ್ತಾಳೆ.

ಹೋದ ಭಾನುವಾರ ಮನೆ ಅಂಗಳದಲ್ಲಿ ಅಭ್ಯಾಸ ಮಾಡುತ್ತಿದ್ದೆವು. ಅವಳ ಪೆಲೆಟ್ (ಏರ್‌ಗನ್ನಿನ ಸಣ್ಣ ಗುಂಡು) ಮೊಟ್ಟೆಗೆ ತಪ್ಪಿ ಹಿಂದಿನ ಹಲಗೆಗೆ ಬಡಿದು ವಾಪಸ್ ಬಂತು. ಪಕ್ಕದಲ್ಲಿ ನಿಂತಿದ್ದ ನನ್ನ ಕೂಲಿಂಗ್ ಗ್ಲಾಸ್‌ಗೇ ತಗುಲಿತು. ಬಲಗಡೆ ಲೆನ್ಸಿನ ಅಂಚಲ್ಲಿ ಅಕ್ಕಿಕಾಳಿನಷ್ಟು ಚೂರು ಎದ್ದು ಹೋಗಿದೆ. ಅಲ್ಲಿಂದ ಮೂಗಿನ ಕಡೆಗೆ ಕೂದಲೆಳೆಯಂಥ ಬಿರುಕು. ಕಣ್ಣಿಗೆ ಏನೂ ಆಗಲಿಲ್ಲ, ದೇವರು ದೊಡ್ಡವನು. ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ. ಮಗಳ ಕಣ್ಣಿಗೆ ಏನೂ ಹಾಕಿರಲೇ ಇಲ್ಲ.

ಈಗ ಹೊಸದು ತಗೋಬೇಕು. ಜಾಸ್ತಿ ಕಪ್ಪಿದ್ದರೆ ಗಟ್ಟಿ ಇರುತ್ತಾ? ಪೋಲರೈಸ್ಡ್ ಬೇಕಾ? ನನಗೆ ಮೈನಸ್ 2.5 ಪವರ್ ಬೇರೆ ಇದೆ. ಕಿವಿಗೆ ಶಬ್ದ ತಡೆಯುವ ಮಫ್ ಹಾಕಿದರೆ ಕನ್ನಡಕದ ಕಡ್ಡಿ ಒತ್ತಿ ತಲೆ ನೋಯುತ್ತದೆ. ಮಳೆ ಬಂದರೆ ಲೆನ್ಸ್ ಮಸುಕಾಗುತ್ತದೆ.

ಗುರಿಕಾರ:
ಅಣ್ಣ, ಮೊದಲು ಒಂದು ಕೆಲಸ ಮಾಡಿ. ಆ ಕನ್ನಡಕದ ಕಡ್ಡಿ ಒಳಗಡೆ ಏನು ಬರೆದಿದೆ ನೋಡಿ ಹೇಳಿ. ಅದನ್ನು ಇನ್ನು ಹಾಕಬೇಡಿ. ಒಂದು ಸಲ ಏಟು ತಿಂದ ಲೆನ್ಸ್ ಎರಡನೇ ಏಟಿಗೆ ನಂಬಿಕೆಗಲ್ಲ.

ತೋಟದಮನೆ:
'ಯುವಿ 400' ಅಂತ ಮಾತ್ರ ಇದೆ.

ಗುರಿಕಾರ:
ಅಲ್ಲೇ ಇದೆ ನೋಡಿ ವಿಷಯ. ಯುವಿ 400 ಅಂದರೆ ಬಿಸಿಲಿನ ಅತಿನೇರಳೆ ಕಿರಣ ತಡೆಯುತ್ತದೆ ಅಂತ. ಏಟಿನ ಬಗ್ಗೆ ಅದು ಏನೂ ಹೇಳುವುದಿಲ್ಲ. ಕಪ್ಪು ಬಣ್ಣಕ್ಕೂ ಗಟ್ಟಿತನಕ್ಕೂ ಸಂಬಂಧವೇ ಇಲ್ಲ.

ನೀವು ಹುಡುಕಬೇಕಾದದ್ದು ಇಂಗ್ಲಿಷಿನ ಝಡ್ ಅಕ್ಷರ, ಪಕ್ಕದಲ್ಲಿ 87, ಅದಾದ ಮೇಲೆ ಒಂದು ಪ್ಲಸ್: Z87+. ಇದು ಅಮೆರಿಕದ ಆನ್ಸಿ (ANSI) ಅನ್ನುವ ಸಂಸ್ಥೆಯ ಮಾನದಂಡ. ಪ್ಲಸ್ ಇದ್ದರೆ 6.35 ಮಿ.ಮೀ. ಉಕ್ಕಿನ ಗುಂಡನ್ನು ಸೆಕೆಂಡಿಗೆ ಸುಮಾರು 45 ಮೀಟರ್ ವೇಗದಲ್ಲಿ ಹೊಡೆದು ನೋಡಿದ್ದಾರೆ ಅಂತ ಅರ್ಥ. ಅರ್ಧ ಕೆಜಿಯ ಚೂಪು ತೂಕವನ್ನು 127 ಸೆಂ.ಮೀ. ಎತ್ತರದಿಂದ ಬೀಳಿಸಿಯೂ ನೋಡುತ್ತಾರೆ. ಲೆನ್ಸ್ ಒಡೆಯಬಾರದು, ಫ್ರೇಮಿನಿಂದ ಕಳಚಿ ಕಣ್ಣಿನ ಕಡೆ ಬರಲೂಬಾರದು. ಈ ಎರಡನೆಯದನ್ನು ತುಂಬಾ ಜನ ಮರೆಯುತ್ತಾರೆ. ಗಟ್ಟಿ ಲೆನ್ಸನ್ನು ಸಡಿಲ ಫ್ರೇಮಿಗೆ ಕೂರಿಸಿದರೆ ಇಡೀ ಲೆನ್ಸೇ ಒಳಗೆ ಬರುತ್ತದೆ. ಹಾಗಾಗಿ ಗುರುತು ಲೆನ್ಸ್ ಮೇಲೂ ಇರಬೇಕು, ಫ್ರೇಮ್ ಮೇಲೂ ಇರಬೇಕು. ಬರೀ ಸ್ಟಿಕರ್ ಅಂಟಿಸಿದ್ದರೆ ಬಿಟ್ಟುಬಿಡಿ.

ಇನ್ನೊಂದು ಮಾತು. ಆ ಉಕ್ಕಿನ ಗುಂಡಿನ ಹೊಡೆತ ಲೆಕ್ಕ ಹಾಕಿದರೆ ಹೆಚ್ಚುಕಮ್ಮಿ 1 ಜೂಲ್ (ಶಕ್ತಿಯ ಅಳತೆ). ಅಮೆರಿಕದ ಸೈನ್ಯದವರ ಪರೀಕ್ಷೆಯಲ್ಲಿ ಗುಂಡು ಅದಕ್ಕಿಂತ ಚಿಕ್ಕದು, ಆದರೆ ಸೆಕೆಂಡಿಗೆ ಸುಮಾರು 195 ಮೀಟರ್ ವೇಗ. ಹೊಡೆತ 7 ಜೂಲ್ ದಾಟುತ್ತದೆ. ಅದರ ಗುರುತು ಮಿಲ್-ಪಿಆರ್‌ಎಫ್ 32432. ಪೆಲೆಟ್ ವಾಪಸ್ ಬರುವ ಜಾಗದಲ್ಲಿ ನಿಲ್ಲುವವರಿಗೆ ನಾನು ಇದನ್ನೇ ಹೇಳುತ್ತೇನೆ. ನೇರವಾಗಿ ಬಂದ ಗುಂಡನ್ನು ಯಾವ ಕನ್ನಡಕವೂ ತಡೆಯುತ್ತದೆ ಅಂದುಕೊಳ್ಳಬೇಡಿ. ಅದು ಸಿಡಿದ ಚೂರಿಗೆ, ಮರಳಿ ಬಂದ ಪೆಲೆಟ್ಟಿಗೆ, ರೈಫಲ್ಲಿನಿಂದ ಹಾರುವ ಖಾಲಿ ಕೇಸಿಗೆ.

ಬಣ್ಣದ ವಿಷಯ: ಸೆಪ್ಟೆಂಬರಿನಲ್ಲಿ ಕೊಡಗಿನ ಆಕಾಶ ಹೇಗಿರುತ್ತದೆ ನಿಮಗೇ ಗೊತ್ತು. ಕಪ್ಪು ಲೆನ್ಸ್ ಹಾಕಿದರೆ ಸೋಗೆ ನೆರಳಲ್ಲಿರುವ ಕಾಯಿಯೇ ಕಾಣುವುದಿಲ್ಲ. ಬಿಳಿ (ಬಣ್ಣವಿಲ್ಲದ್ದು) ಅಥವಾ ತೆಳು ಹಳದಿ ತಗೊಳ್ಳಿ. ಬಿಸಿಲು ಬಂದರೆ ಬೂದು. ಲೆನ್ಸ್ ಬದಲಾಯಿಸಬಹುದಾದ ಫ್ರೇಮ್ ಸಿಕ್ಕರೆ ಒಳ್ಳೆಯದು. ಪೋಲರೈಸ್ಡ್ ಇಲ್ಲಿ ಬೇಕಿಲ್ಲ, ಅದು ನೀರಿನ ಹೊಳಪಿಗೆ.

ಲೆನ್ಸ್‌ಅಕ್ಕ:
ಪವರ್ ಬಗ್ಗೆ ನಾನು ಹೇಳುತ್ತೇನೆ, ಕನ್ನಡಕದ ಅಂಗಡಿ ನಡೆಸುವವಳು. ಜನ 'ಫೈಬರ್' ಅಂತ ಕೇಳಿ ತಗೊಳ್ಳುವ ಮಾಮೂಲಿ ಲೆನ್ಸ್ ಈ ಕೆಲಸಕ್ಕೆ ಸಾಲದು. ಗಾಜು ಬೇಡವೇ ಬೇಡ. 'ಪಾಲಿಕಾರ್ಬೊನೇಟ್' ಅಥವಾ 'ಟ್ರೈವೆಕ್ಸ್' ಅಂತಲೇ ಕೇಳಿ, ಎರಡೂ ಏಟು ತಡೆಯುವ ಪ್ಲಾಸ್ಟಿಕ್; ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಮೈನಸ್ ಪವರಿಗೆ ಲೆನ್ಸ್ ನಡುವೆ ತೆಳುವಾಗುತ್ತದೆ. 2 ಮಿ.ಮೀ.ಗಿಂತ ಕಡಿಮೆ ಆಗಬಾರದು ಅಂತ ಮೊದಲೇ ಹೇಳಿ, ಚೆಂದ ಕಾಣಲಿ ಅಂತ ಸುಮ್ನೆ ತೆಳು ಮಾಡಿಸಬೇಡಿ.

ಖರ್ಚು ಕಡಿಮೆ ಬೇಕಾದರೆ ಈಗಿರುವ ಪವರ್ ಕನ್ನಡಕದ ಮೇಲೆಯೇ ಹಾಕುವ ದೊಡ್ಡ ಸೇಫ್ಟಿ ಕನ್ನಡಕ ಸಿಗುತ್ತದೆ. ಆದರೆ ಎರಡು ಕಡ್ಡಿ ಸೇರಿ ಮಫ್ ಎದ್ದು ನಿಲ್ಲುತ್ತದೆ, ಶಬ್ದ ಒಳಗೆ ನುಗ್ಗುತ್ತದೆ. ಕಡ್ಡಿ ತೆಳ್ಳಗೆ ಚಪ್ಪಟೆ ಇರುವುದನ್ನು ಹುಡುಕಿ. ಅಂಗಡಿಗೆ ಹೋಗುವಾಗ ನಿಮ್ಮ ಮಫ್ ಜೊತೆಯಲ್ಲೇ ಒಯ್ಯಿರಿ.

ಪಾಲಿಕಾರ್ಬೊನೇಟಿಗೆ ಗೀರು ಬೇಗ ಬೀಳುತ್ತದೆ. ಒಣ ಬಟ್ಟೆಯಲ್ಲಿ ತಿಕ್ಕಬೇಡಿ. ನೀರಲ್ಲಿ ತೊಳೆದು ಆಮೇಲೆ ಒರೆಸಿ. ಥಿನ್ನರ್, ಅಸಿಟೋನ್, ಕೋವಿ ತೊಳೆಯುವ ಸಾಲ್ವೆಂಟ್ ಒಂದು ಹನಿಯೂ ಬೀಳಬಾರದು, ಒಳಗೊಳಗೇ ಸಣ್ಣ ಬಿರುಕು ಬಿಡುತ್ತದೆ. ಮಸುಕಾಗುವುದಕ್ಕೆ ಆಂಟಿ-ಫಾಗ್ ಲೇಪ ಇರುವುದು ತಗೊಳ್ಳಿ, ಕೆನ್ನೆಗೆ ಪೂರ್ತಿ ಅಂಟದೆ ಸ್ವಲ್ಪ ಗಾಳಿ ಆಡಬೇಕು.

ಗುರಿಕಾರ:
ಅಣ್ಣ, ಆ ಹಲಗೆಯನ್ನೂ ಬದಲಾಯಿಸಿ. ಗಟ್ಟಿ ಮರ ಪೆಲೆಟ್ಟನ್ನು ವಾಪಸ್ ಎಸೆಯುತ್ತದೆ. ಮೊಟ್ಟೆ ಹಿಂದೆ ಮರಳು ತುಂಬಿದ ಗೋಣಿಚೀಲ ಒಟ್ಟಿ. ಪಕ್ಕದಲ್ಲಿ ನಿಂತು ನೋಡುವವರಿಗೂ ಕನ್ನಡಕ ಇರಲಿ.

ತೋಟದಮನೆ:
ನಿನ್ನೆ ಮೈಸೂರಿಗೆ ಹೋಗಿ ಬಂದೆ. ಪವರ್ ಕನ್ನಡಕದ ಮೇಲೆ ಹಾಕುವಂಥದ್ದು ನನಗೆ, ಮಗಳಿಗೆ ಚಿಕ್ಕ ಅಳತೆಯದು, ಎರಡೂ ಬಿಳಿ ಲೆನ್ಸ್. ಕಡ್ಡಿ ಮೇಲೂ ಲೆನ್ಸ್ ಮೂಲೆಯಲ್ಲೂ ಪ್ಲಸ್ ಗುರುತು ಕೆತ್ತಿದೆ, ಉಗುರಿಗೆ ತಾಗುತ್ತದೆ. ಎಂಟು ಚೀಲ ಮರಳು ಒಟ್ಟಿದ್ದೇವೆ. ಇವತ್ತು ಬೆಳಿಗ್ಗೆ ಮಗಳು ಇಪ್ಪತ್ತು ಪೆಲೆಟ್ ಹೊಡೆದಳು, ಒಂದೂ ವಾಪಸ್ ಬರಲಿಲ್ಲ. ಮಫ್ ಇನ್ನೂ ಸ್ವಲ್ಪ ಎದ್ದು ನಿಲ್ಲುತ್ತಿದೆ ಅಕ್ಕ, ಅದಕ್ಕೆ ಕಿವಿಯೊಳಗೆ ಫೋಮ್ ಪ್ಲಗ್ ಹಾಕಿ ಮೇಲೆ ಮಫ್ ಹಾಕುತ್ತಿದ್ದೇನೆ. ಸಾಕಾ?

ಲೆನ್ಸ್‌ಅಕ್ಕ:
ಧಾರಾಳ ಸಾಕು. ಪ್ಲಗ್ ಪೂರ್ತಿ ಒಳಗೆ ಕೂತಿದೆಯಾ ನೋಡಿಕೊಳ್ಳಿ. ಸ್ಪರ್ಧೆ ಆದ ಮೇಲೆ ಬಂದು ಹೇಳಿ, ಮಗಳಿಗೆ ಎಷ್ಟು ಮೊಟ್ಟೆ ಸಿಕ್ಕಿತು ಅಂತ.