ಸಿಗ್ನಲ್‌ನಲ್ಲಿ ನಿಂತರೆ ನಡುಗುತ್ತದೆ, ಬೈಪಾಸಿನಲ್ಲಿ ಸರಿ ಓಡುತ್ತದೆ: ಪ್ಲಗ್, ಕಾಯಿಲ್ ಹಾಕಿದರೂ ಮಿಸ್ಸಿಂಗ್ ಹೋಗಿಲ್ಲ

ಉಣಕಲ್ ಸವಾರ

ಎಲ್ಲರಿಗೂ ನಮಸ್ಕಾರ. ನನ್ನದು 2018ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. 1.2 ಲೀಟರ್, ನಾಲ್ಕು ಸಿಲಿಂಡರ್, ಬಿಎಸ್4. 74 ಸಾವಿರ ಕಿಲೋಮೀಟರ್ ಓಡಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಸ್ಲೋ ಸ್ಪೀಡ್‌ನಲ್ಲಿ ಗಾಡಿ ನಡುಗುತ್ತದೆ. ಸೈಲೆನ್ಸರ್ ಹತ್ತಿರ ಕಿವಿ ಕೊಟ್ಟರೆ ತಾಳ ತಪ್ಪಿದ ಸದ್ದು, ಅಂದರೆ ಸಿಲಿಂಡರ್‌ನಲ್ಲಿ ಪೆಟ್ರೋಲ್ ಸರಿಯಾಗಿ ಹೊತ್ತದ ಮಿಸ್ಸಿಂಗ್. ವಿದ್ಯಾನಗರದ ಸಿಗ್ನಲ್‌ನಲ್ಲಿ ನಿಂತಾಗ ಸ್ಟೇರಿಂಗ್‌ವರೆಗೂ ನಡುಕ ಬರುತ್ತದೆ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಕಡಿಮೆ, ಆದರೆ ಪೂರ್ತಿ ಹೋಗಲ್ಲ. ಬೈಪಾಸಿನಲ್ಲಿ 80ರಲ್ಲಿ ಹೋದರೆ ಏನೂ ಇಲ್ಲ, ಪಿಕಪ್ಪೂ ಸರಿ ಇದೆ. ಒಮ್ಮೆ ರಾಯಾಪುರದ ಹತ್ತಿರ ಟ್ರಾಫಿಕ್‌ನಲ್ಲಿ ಚೆಕ್ ಎಂಜಿನ್ ಲೈಟ್ ಮಿಣುಕಿತು, ಆಮೇಲೆ ತಾನೇ ಆರಿತು.

ಗ್ಯಾರೇಜಿನವರು ನಾಲ್ಕೂ ಪ್ಲಗ್ ಹೊಸದು ಹಾಕಿದರು. ಪ್ಲಗ್‌ಗೆ ಕರೆಂಟ್ ಕೊಡುವ ಕಾಯಿಲ್ ಒಂದನ್ನು ಬದಲಿಸಿದರು. ಎಂಜಿನ್‌ಗೆ ಗಾಳಿ ಬಿಡುವ ಥ್ರಾಟಲ್ ಬಾಡಿ ತೊಳೆದರು. ಈಗ "ಇಸಿಎಂ ಹೋಗೇತ್ರಿ, ಹೊಸದು ಹಾಕಬೇಕು" ಅನ್ನುತ್ತಿದ್ದಾರೆ. ಎಂಜಿನ್ ನಡೆಸುವ ಆ ಕಂಪ್ಯೂಟರ್‌ನ ರೇಟು ಕೇಳಿದ ಮೇಲೆ ಇಲ್ಲಿ ಬರೆಯುತ್ತಿದ್ದೇನೆ.

ಕೇಶ್ವಾಪುರ ಕಾಕಾ

ಪೆಟ್ರೋಲ್ ಸರಿ ಇಲ್ಲ ತಮ್ಮಾ. ಈಗೆಲ್ಲ ಎಥೆನಾಲ್ ಕಲಸಿದ್ದೇ ಬರುತ್ತದೆ. ಬಂಕ್ ಬದಲಿಸಿ ನೋಡು.

ಗದಗ ಸ್ಪ್ಯಾನರ್

ಕಾಕಾ ಹೇಳಿದ್ದನ್ನು ಪೂರ್ತಿ ತಳ್ಳಿಹಾಕಲ್ಲ. ಎಥೆನಾಲ್ ನೀರನ್ನು ಎಳೆದುಕೊಳ್ಳುತ್ತದೆ, ಟ್ಯಾಂಕಿಗೆ ನೀರು ಸೇರಿದರೆ ಮಿಸ್ಸಿಂಗ್ ಬಂದೇ ಬರುತ್ತದೆ. ಆದರೆ ಕೆಟ್ಟ ಪೆಟ್ರೋಲ್ ನಾಲ್ಕೂ ಸಿಲಿಂಡರ್‌ಗೆ ಹೋಗುತ್ತದೆ ಅಲ್ವಾ? ಬೈಪಾಸಿನಲ್ಲಿ ಗಾಡಿ ಎಳೆಯುವಾಗಲೂ ತೊಂದರೆ ಕಾಣಬೇಕಿತ್ತು.

ಇಸಿಎಂ ವಿಚಾರ ಸದ್ಯಕ್ಕೆ ಬಿಡಿ. ಅದು ಕೆಡುವುದೇ ಇಲ್ಲ ಅಂತಲ್ಲ. ಉಳಿದದ್ದನ್ನೆಲ್ಲ ಅಳತೆ ಮಾಡಿ ನೋಡಿದ ಮೇಲೆ ಕೊನೆಗೆ ಬರಬೇಕಾದ ಹೆಸರು ಅದು. ನಿಮ್ಮಲ್ಲಿ ಇನ್ನೂ ಯಾರೂ ಅಳತೆಯನ್ನೇ ಮಾಡಿಲ್ಲ, ಬರೀ ಸಾಮಾನು ಬದಲಿಸಿದ್ದಾರೆ.

ಲೈಟ್ ಮಿಣುಕಿದ್ದನ್ನು ಮಾತ್ರ ಹಗುರವಾಗಿ ತಗೋಬೇಡಿ. ಸುಮ್ನೆ ಹತ್ತಿ ನಿಂತರೆ ತೋರಿಸಿಕೊಂಡರಾಯಿತು. ಮಿಣುಕಿದರೆ ಮಿಸ್ಸಿಂಗ್ ಜೋರಾಗಿದೆ ಅಂತ ಅರ್ಥ. ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆ ಹೋಗಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಉರಿಯುತ್ತದೆ. ಅದು ಸುಟ್ಟರೆ ಖರ್ಚು ಬೇರೆಯೇ ಲೆಕ್ಕ. ಇನ್ನೊಮ್ಮೆ ಮಿಣುಕಿದರೆ ಆಕ್ಸಿಲರೇಟರ್ ಬಿಟ್ಟು ನಿಧಾನ ಹೋಗಿ. ನಿಲ್ಲದಿದ್ದರೆ ಗಾಡಿ ಬದಿಗೆ ಹಾಕಿ.

ಲೈಟ್ ಆರಿದರೂ ದೋಷ ಏನೆಂದು ಹೇಳುವ ಕೋಡ್ ಇಸಿಎಂ ಒಳಗೆ ಉಳಿದಿರಬಹುದು. ಇಎಲ್ಎಂ327 ಅನ್ನುವ ಸಣ್ಣ ಬ್ಲೂಟೂತ್ ಸ್ಕ್ಯಾನರ್ ಸಿಗುತ್ತದೆ. ಸ್ಟೇರಿಂಗ್ ಕೆಳಗಿನ ಸಾಕೆಟ್‌ಗೆ ಚುಚ್ಚಿ ಮೊಬೈಲ್‌ನಲ್ಲಿ ನೋಡಬಹುದು. ಪಿ0300 ಬಂದರೆ ಯಾವುದೋ ಒಂದರಲ್ಲಿ ಅಂತಲ್ಲ, ಹಲವು ಸಿಲಿಂಡರ್‌ಗಳಲ್ಲಿ ಅಡ್ಡಾದಿಡ್ಡಿ ಮಿಸ್ಸಿಂಗ್. ಪಿ0301ರಿಂದ ಪಿ0304 ಬಂದರೆ ಕೊನೆಯ ಅಂಕಿಯೇ ಸಿಲಿಂಡರ್ ನಂಬರ್. ಒಂದೇ ಸಿಲಿಂಡರ್ ಹೆಸರು ಬಂದರೆ ಅದರ ಕಾಯಿಲ್ ತೆಗೆದು ಪಕ್ಕದ್ದಕ್ಕೆ ಹಾಕಿ, ಪಕ್ಕದ್ದನ್ನು ಇಲ್ಲಿಗೆ. ಕೋಡ್ ಅಳಿಸಿ ಓಡಿಸಿ. ಕೋಡ್ ಕಾಯಿಲ್ ಜೊತೆ ಹೋದರೆ ಕಾಯಿಲ್ ಕೆಟ್ಟಿದೆ. ಅಲ್ಲೇ ಉಳಿದರೆ ಕಾಯಿಲ್ ತಪ್ಪಿಲ್ಲ. ಪೈಸೆ ಖರ್ಚಿಲ್ಲದ ಪರೀಕ್ಷೆ ಇದು, ಹೊಸ ಕಾಯಿಲ್ ಮಾರುವವರು ಹೇಳಲ್ಲ.

ಕಾಯಿಲ್ ಎತ್ತಿದಾಗ ಪ್ಲಗ್ ಗುಂಡಿಯೊಳಗೆ ಟಾರ್ಚ್ ಬಿಡಿ. ಆಯಿಲ್ ಇದ್ದರೆ ವಾಲ್ವ್ ಕವರ್ ಪ್ಯಾಕಿಂಗ್ ಹೋಗಿದೆ. ನೀರಿದ್ದರೆ ಬಾನೆಟ್ ಎತ್ತಿ ಪ್ರೆಶರ್‌ನಲ್ಲಿ ತೊಳೆಸಿದ ಪ್ರಸಾದ.

ಇನ್ನೊಂದು ಮುಖ್ಯ ಪ್ರಶ್ನೆ. ಈ ನಡುಕ ಶುರುವಾಗುವ ಮುಂಚೆ ಗಾಡಿಗೆ ಕೊನೆಯದಾಗಿ ಏನು ಕೆಲಸ ಮಾಡಿಸಿದ್ದಿರಿ?

ಹಾವೇರಿ ಗ್ಯಾಸ್‌ಗಾಡಿ

ನಡುವೆ ಕೇಳುತ್ತಿದ್ದೇನೆ, ಬೇಜಾರಾಗಬೇಡಿ. ನನ್ನದು ಸಿಎನ್‌ಜಿ ಟ್ಯಾಕ್ಸಿ. ಪೆಟ್ರೋಲ್‌ನಲ್ಲಿ ಸರಿ, ಗ್ಯಾಸ್‌ನಲ್ಲಿ ಚಡಾವು ಹತ್ತುವಾಗ ಜರ್ಕ್ ಹೊಡೆಯುತ್ತದೆ.

ಗದಗ ಸ್ಪ್ಯಾನರ್

ನಿಮ್ಮದು ಬೇರೆ ಕಥೆ ಸರ್. ಗ್ಯಾಸ್ ಹೊತ್ತಿಸಲು ಪೆಟ್ರೋಲ್‌ಗಿಂತ ಜಾಸ್ತಿ ವೋಲ್ಟೇಜ್ ಬೇಕು. ಲೋಡ್ ಬಿದ್ದಾಗ ಇನ್ನೂ ಜಾಸ್ತಿ. ಪ್ಲಗ್ ಸವೆದು ಗ್ಯಾಪ್ ಅಗಲವಾಗಿದ್ದರೆ, ಕಾಯಿಲ್ ಸುಸ್ತಾಗಿದ್ದರೆ ಮೊದಲು ಗ್ಯಾಸ್‌ನಲ್ಲೇ ಗೊತ್ತಾಗುತ್ತದೆ. ಮ್ಯಾನುವಲ್‌ನಲ್ಲಿ ಕೊಟ್ಟ ಗ್ಯಾಪ್ ಇದೆಯಾ ನೋಡಿ, ಆಮೇಲೆ ಗ್ಯಾಸ್ ಫಿಲ್ಟರ್. ಟ್ಯಾಪೆಟ್ (ವಾಲ್ವ್ ಸಂದಿ) ಕೂಡ ಒಮ್ಮೆ ಚೆಕ್ ಮಾಡಿಸಿ.

ಉಣಕಲ್ ಸವಾರ

ಸ್ಕ್ಯಾನರ್ ತರಿಸಿದೆ. ಪಿ0300, ಪಿ0302 ಎರಡೂ ಇದ್ದವು. ಎರಡನೇ ಕಾಯಿಲ್ ಮೂರಕ್ಕೆ, ಮೂರರದ್ದು ಎರಡಕ್ಕೆ ಹಾಕಿ ಓಡಿಸಿದೆ. ಮತ್ತೆ ಪಿ0302 ಬಂತು. ಪ್ಲಗ್ ಕೂಡ ಹಾಗೇ ಅದಲು ಬದಲು ಮಾಡಿದೆ, ಆಗಲೂ ಅದೇ. ಗುಂಡಿಗಳು ಒಣಗಿವೆ.

ಕೊನೆಯ ಕೆಲಸ ಅಂದರೆ, ದೀಪಾವಳಿ ಹೊತ್ತಿಗೆ ಬೇರೊಂದು ಕಡೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಬಿಚ್ಚಿ ಕ್ಲೀನ್ ಮಾಡಿಸಿದ್ದೆ. ಮೈಲೇಜ್ ಜಾಸ್ತಿ ಬರುತ್ತದೆ ಅಂದಿದ್ದರು. ನಡುಕ ಅದಾದ ಮೇಲೆಯೇ ಶುರುವಾದದ್ದು. ಚಳಿಗೆ ಹೀಗಾಗುತ್ತಿರಬೇಕು ಅಂತ ಬಿಟ್ಟಿದ್ದೆ.

ಆ್ಯಪ್‌ನಲ್ಲಿ ಫ್ಯೂಯಲ್ ಟ್ರಿಮ್ ಅಂತ ಇತ್ತು. ಲಾಂಗ್ ಟರ್ಮ್ ಅನ್ನುವುದು ಐಡ್ಲಿಂಗ್‌ನಲ್ಲಿ (ನಿಂತಲ್ಲೇ ಸ್ಲೋ ಸ್ಪೀಡ್) +9, 2500 ಆರ್‌ಪಿಎಂನಲ್ಲಿ +2 ತೋರಿಸುತ್ತದೆ. ಇದೇನು?

ಗದಗ ಸ್ಪ್ಯಾನರ್

ಈಗ ದಾರಿ ಸಿಕ್ಕಿತು.

ಟ್ರಿಮ್ ಅಂದರೆ ಇಸಿಎಂ ತನ್ನ ಲೆಕ್ಕಕ್ಕಿಂತ ಎಷ್ಟು ಶೇಕಡಾ ಪೆಟ್ರೋಲ್ ಜಾಸ್ತಿ ಅಥವಾ ಕಡಿಮೆ ಬಿಡುತ್ತಿದೆ ಅನ್ನುವುದು. ಪ್ಲಸ್ ಇದ್ದರೆ ಜಾಸ್ತಿ ಬಿಡುತ್ತಿದೆ. ಸೈಲೆನ್ಸರ್ ದಾರಿಯ ಆಕ್ಸಿಜನ್ ಸೆನ್ಸರ್ ಅದಕ್ಕೆ "ಗಾಳಿ ಹೆಚ್ಚಾಗಿದೆ" ಅಂತ ಹೇಳುತ್ತಿದೆ. ಪೆಟ್ರೋಲ್ ಪಂಪ್ ಸುಸ್ತಾಗಿದ್ದರೆ ಅಥವಾ ಫಿಲ್ಟರ್ ಕಟ್ಟಿದ್ದರೆ ಆರ್‌ಪಿಎಂ ಏರಿದಂತೆ ಪ್ಲಸ್ ಏರಬೇಕು. ನಿಮ್ಮದು ಉಲ್ಟಾ. ಐಡ್ಲಿಂಗ್‌ನಲ್ಲಿ ಜಾಸ್ತಿ, ಆಮೇಲೆ ಇಳಿಯುತ್ತದೆ. ಎಲ್ಲೋ ಕಳ್ಳ ಗಾಳಿ ಒಳಗೆ ಹೋಗುತ್ತಿದೆ.

ಐಡ್ಲಿಂಗ್‌ನಲ್ಲಿ ಥ್ರಾಟಲ್ ಹೆಚ್ಚುಕಡಿಮೆ ಮುಚ್ಚಿರುತ್ತದೆ. ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡ್ ಒಳಗೆ ಎಳೆತ ಜೋರು, ಎಂಜಿನ್ ಕುಡಿಯುವ ಗಾಳಿ ಕಡಿಮೆ. ಆಗ ಸಣ್ಣ ಸಂದಿಯೂ ದೊಡ್ಡ ಪಾಲು ತಗೊಳ್ಳುತ್ತದೆ. ಥ್ರಾಟಲ್ ತೆರೆದ ಮೇಲೆ ಆ ಸಂದಿ ಲೆಕ್ಕಕ್ಕೇ ಇಲ್ಲ. ನಿಮ್ಮ ಗಾಡಿ ಬೈಪಾಸಿನಲ್ಲಿ ಸರಿ ಓಡುವುದು ಅದಕ್ಕೇ.

ಬೆಳಿಗ್ಗೆ ಯಾಕೆ ಜಾಸ್ತಿ? ತಣ್ಣಗಿದ್ದಾಗ ಹಳೆ ರಬ್ಬರ್ ಬಿಗಿದು ಕುಗ್ಗಿರುತ್ತದೆ, ಬಿಸಿಯಾದಾಗ ಹಿಗ್ಗಿ ಸಂದಿ ಮುಚ್ಚುತ್ತದೆ. ಜೊತೆಗೆ ತಣ್ಣಗಿನ ಎಂಜಿನ್‌ನಲ್ಲಿ ಪೆಟ್ರೋಲ್ ಸರಿಯಾಗಿ ಆವಿಯಾಗಲ್ಲ. ಆಕ್ಸಿಜನ್ ಸೆನ್ಸರ್ ಕೂಡ ಇನ್ನೂ ಕೆಲಸ ಶುರು ಮಾಡಿರಲ್ಲ, ಹಾಗಾಗಿ ಇಸಿಎಂಗೆ ಸರಿಮಾಡಿಕೊಳ್ಳಲು ಬರುವುದಿಲ್ಲ.

ಒಂದೇ ಸಿಲಿಂಡರ್‌ಗೆ ಗಾಳಿ ಹೋಗಬೇಕಾದರೆ ಸಂದಿ ಅದರ ಬಾಯಿಯ ಹತ್ತಿರವೇ ಇರಬೇಕು. ಮ್ಯಾನಿಫೋಲ್ಡ್‌ಗೆ ಸೇರುವ ಬ್ರೇಕ್ ಬೂಸ್ಟರ್ ಪೈಪ್, ಪಿಸಿವಿ ಪೈಪ್ ಸೋರಿದ್ದರೆ ಸಾಮಾನ್ಯವಾಗಿ ಎಲ್ಲದಕ್ಕೂ ಹಂಚಿಹೋಗುತ್ತಿತ್ತು. ಉಳಿದದ್ದು ಎರಡು: ಮ್ಯಾನಿಫೋಲ್ಡ್ ಪ್ಯಾಕಿಂಗ್, ಇಂಜೆಕ್ಟರ್‌ನ ಕೆಳಗಿನ ರಬ್ಬರ್ ಬಳೆ, ಅಂದರೆ ಓ-ರಿಂಗ್. ಇಂಜೆಕ್ಟರ್ ಬಿಚ್ಚಿದ ಕಥೆ ಕೇಳಿದ ಮೇಲೆ ನನ್ನ ಓಟು ಓ-ರಿಂಗ್‌ಗೆ.

ರಾಣೆಬೆನ್ನೂರು ಡೀಸೆಲ್

+9 ಅಷ್ಟೇನೂ ದೊಡ್ಡದಲ್ಲವಲ್ಲ ಸರ್? ಹತ್ತರ ಒಳಗೆ ಇದ್ದರೆ ಸರಿ ಅಂತ ಕೇಳಿದ್ದೆ.

ಗದಗ ಸ್ಪ್ಯಾನರ್

ಒಳ್ಳೆಯ ಪ್ರಶ್ನೆ. ಗಾಳಿಯನ್ನು ನೇರವಾಗಿ ಅಳೆಯುವ ಎಂಎಎಫ್ ಸೆನ್ಸರ್ ಇರುವ ಗಾಡಿಯಲ್ಲಿ ಕಳ್ಳ ಗಾಳಿ ಲೆಕ್ಕಕ್ಕೆ ಬರಲ್ಲ, ಟ್ರಿಮ್ ಸೀದಾ ಏರುತ್ತದೆ. ನಮ್ಮ ಸಣ್ಣ ಗಾಡಿಗಳಲ್ಲಿ ಜಾಸ್ತಿ ಇರುವುದು ಎಂಎಪಿ ಸೆನ್ಸರ್. ಅದು ಮ್ಯಾನಿಫೋಲ್ಡ್ ಒತ್ತಡ ನೋಡುತ್ತದೆ. ಗಾಳಿ ನುಗ್ಗಿದರೆ ಒತ್ತಡ ಏರುತ್ತದೆ, ಇಸಿಎಂ ಅದಕ್ಕೆ ತಕ್ಕಂತೆ ಪೆಟ್ರೋಲ್ ಕೊಟ್ಟುಬಿಡುತ್ತದೆ. ಅದಕ್ಕೇ ಟ್ರಿಮ್ ಅಷ್ಟು ಏರಲ್ಲ. ಇಲ್ಲಿ ಬರೀ 9 ನೋಡಬಾರದು. 9 ಮತ್ತು 2ರ ನಡುವಿನ ಅಂತರ ನೋಡಬೇಕು.

ಸವಾರರೇ, ಬೆಳಿಗ್ಗೆ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿ, ಸ್ಪ್ರೇ ಬಾಟಲಿಯಲ್ಲಿ ಬರೀ ನೀರು ತುಂಬಿ ಎರಡನೇ ಇಂಜೆಕ್ಟರ್ ಬುಡಕ್ಕೆ ಮಾತ್ರ ಸ್ವಲ್ಪ ಹೊಡೆಯಿರಿ. ಕನೆಕ್ಟರ್‌ಗೆ, ಕಾಯಿಲ್‌ಗೆ ತಾಗದಿರಲಿ. ನೀರು ಸಂದಿ ಮುಚ್ಚಿದ ಕ್ಷಣ ಎಂಜಿನ್ ಸದ್ದು ಬದಲಾಗುತ್ತದೆ. ಕೆಲವರು ಕಾರ್ಬ್ ಕ್ಲೀನರ್ ಹೊಡೆಯುತ್ತಾರೆ. ಬಿಸಿ ಎಂಜಿನ್ ಮೇಲೆ ಅದು ಬೆಂಕಿ ಹಿಡಿಯುವ ಸಾಮಾನು, ಬೇಡ. ಹೊಗೆ ಬಿಟ್ಟು ಸೋರಿಕೆ ಹುಡುಕುವ ಸ್ಮೋಕ್ ಟೆಸ್ಟ್ ಮಾಡುವ ಗ್ಯಾರೇಜ್ ಸಿಕ್ಕರೆ ಇನ್ನೂ ಒಳ್ಳೆಯದು.

ಇದರಲ್ಲೂ ಏನೂ ಕಾಣದಿದ್ದರೆ ಇಂಜೆಕ್ಟರ್ ಅದಲು ಬದಲು, ಆಮೇಲೆ ಸಿಲಿಂಡರ್ ಒಳಗಿನ ಒತ್ತಡ ಅಳೆಯುವ ಕಂಪ್ರೆಶನ್ ಟೆಸ್ಟ್.

ಉಣಕಲ್ ಸವಾರ

ನೀರು ಹೊಡೆದ ಕೂಡಲೇ ನಡುಕ ನಿಂತಿತು, ಒಂದೆರಡು ಸೆಕೆಂಡಿಗೆ ಮತ್ತೆ ಶುರು. ಮೂರನೇ ಇಂಜೆಕ್ಟರ್ ಬುಡಕ್ಕೂ ಹೊಡೆದೆ, ಅಲ್ಲಿ ಏನೂ ಆಗಲಿಲ್ಲ. ಓ-ರಿಂಗ್ ನಾನೇ ಬದಲಿಸಬಹುದಾ?

ಗದಗ ಸ್ಪ್ಯಾನರ್

ಕೈಪಳಗಿದ ಫಿಟರ್ ಹತ್ತಿರ ಮಾಡಿಸಿ, ನೀವು ಪಕ್ಕದಲ್ಲಿ ನಿಂತಿರಿ. ಎಂಜಿನ್ ಆಫ್ ಆದರೂ ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಕೊಡುವ ರೈಲ್ ಪೈಪಿನಲ್ಲಿ ಪ್ರೆಶರ್ ಉಳಿದಿರುತ್ತದೆ. ಪಂಪ್‌ನ ಫ್ಯೂಸ್ ಕಿತ್ತು, ಎಂಜಿನ್ ತಾನೇ ಬಂದ್ ಆಗುವವರೆಗೆ ಓಡಿಸಿ, ಬ್ಯಾಟರಿ ನೆಗೆಟಿವ್ ತೆಗೆದ ಮೇಲೆಯೇ ಬಿಚ್ಚಬೇಕು. ಓ-ರಿಂಗ್ ಪೆಟ್ರೋಲ್ ತಡೆಯುವಂಥದ್ದೇ ಇರಲಿ. ಹಾರ್ಡ್‌ವೇರ್ ಅಂಗಡಿಯ ನಲ್ಲಿ ವಾಷರ್ ಹಾಕಿದವರನ್ನೂ ನೋಡಿದ್ದೇನೆ! ಎಂಜಿನ್ ಆಯಿಲ್ ಒಂದು ಹನಿ ಸವರಿ ಕೂರಿಸಬೇಕು, ಒಣಗಿದ್ದನ್ನು ಒತ್ತಿದರೆ ಮಡಚಿ ಕತ್ತರಿಸುತ್ತದೆ. ನಾಲ್ಕಕ್ಕೂ ಹೊಸದು ಹಾಕಿಸಿ. ಆಮೇಲೆ ಕೀ ಆನ್ ಮಾಡಿ, ಸ್ಟಾರ್ಟ್ ಮಾಡುವ ಮುಂಚೆ ಎಲ್ಲಾದರೂ ಸೋರುತ್ತಿದೆಯಾ ನೋಡಿ.

ಉಣಕಲ್ ಸವಾರ

ಗೋಕುಲ ರೋಡ್ ಕಡೆ ಒಬ್ಬ ಫಿಟರ್ ಮಾಡಿಕೊಟ್ಟರು. ಎರಡನೇ ಇಂಜೆಕ್ಟರ್‌ನ ಕೆಳಗಿನ ಓ-ರಿಂಗ್ ಒಂದು ಬದಿ ಸೀಳಿತ್ತು. ಉಳಿದ ಮೂರೂ ಕಲ್ಲಿನ ಹಾಗೆ ಗಟ್ಟಿ. ಕ್ಲೀನ್ ಮಾಡಿದವರು ಹಳೆಯದನ್ನೇ ವಾಪಸ್ ಹಾಕಿದ್ದರು ಅಂತ ಕಾಣುತ್ತದೆ. ಈಗ ಬೆಳಿಗ್ಗೆಯೂ ನಡುಕ ಇಲ್ಲ. ಐಡ್ಲಿಂಗ್ ಟ್ರಿಮ್ +2ರ ಆಸುಪಾಸು. ನಿಮಗೆ ಒಂದು ಗಿರ್ಮಿಟ್ ಬಾಕಿ ಸರ್, ಹುಬ್ಬಳ್ಳಿಗೆ ಬಂದಾಗ ಹೇಳಿ.

ಒಂದೇ ಅನುಮಾನ. ಆವತ್ತು ಲೈಟ್ ಮಿಣುಕಿತಲ್ಲ, ಕನ್ವರ್ಟರ್‌ಗೆ ಏನಾದರೂ ಆಗಿರಬಹುದಾ?

ಗದಗ ಸ್ಪ್ಯಾನರ್

ಪಿಕಪ್ ಕುಂದಿಲ್ಲ, ಕೆಳಗಿನಿಂದ ಗಲಗಲ ಸದ್ದಿಲ್ಲ ಅಂದರೆ ಸದ್ಯಕ್ಕೆ ಚಿಂತೆ ಬೇಡ. ಕೋಡ್ ಅಳಿಸಿ ಎಂದಿನಂತೆ ಓಡಿಸಿ, ಆಗಾಗ ಸ್ಕ್ಯಾನರ್ ಹಾಕಿ ನೋಡಿ. ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅನ್ನುವ ಪಿ0420 ಕೋಡ್ ಬಂದರೆ ಇಲ್ಲಿ ಬರೆಯಿರಿ. ಅದು ಬಂದ ಕೂಡಲೇ ಕನ್ವರ್ಟರ್ ಬದಲಿಸಲು ಹೋಗಬೇಡಿ, ಮೊದಲು ಕನ್ವರ್ಟರ್‌ನ ಆಚೆಗಿರುವ ಆಕ್ಸಿಜನ್ ಸೆನ್ಸರ್ ನೋಡೋಣ.